ಬಾಡಿಗೆ ವೇದಿಕೆ, ಸ್ವಂತ ಅಂಗಳ

(ತರುಣ ಮಂಡಳದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣದ ಬರಹ ರೂಪ)



ಇವತ್ತು ನಾನು ಮಾತಾಡಬೇಕಾದ ವಿಷಯ ಮೊಬೈಲಿನ ವೀಡಿಯೊ. ಇದೇನು ಹಗುರ ವಿಷಯ ಅಂತ ಕೆಲವರಿಗೆ ಅನಸಬಹುದು. ಆದರ ನೋಡ್ರಿ, ಈಗ ನಮ್ಮ ಓಣಿಯೊಳಗ ಜಯಂತಿಯ ಮೆರವಣಿಗೆ ಹೊಂಟರೂ ವೀಡಿಯೊ, ಭೀಮಗೀತೆ ಹಾಡಿದರೂ ವೀಡಿಯೊ, ಯಾರಾದರೂ ನಮ್ಮವರ ಮೇಲೆ ಕೈ ಮಾಡಿದರೂ ವೀಡಿಯೊ. ಹಿಂದೆ ಅರ್ಜಿ ಹಿಡಿದು ತಿಂಗಳುಗಟ್ಟಲೆ ಕಚೇರಿಗೆ ಅಲೆದರೂ ಆಗದ ಕೆಲಸ ಈಗ ಎರಡು ನಿಮಿಷದ ವೀಡಿಯೊದಿಂದ ಒಮ್ಮೊಮ್ಮೆ ಆಗುತ್ತದೆ. ಹಾಗಿದ್ದಾಗ ಒಂದು ಪ್ರಶ್ನೆ ಕೇಳಲೇಬೇಕು. ಆ ವೀಡಿಯೊ ಯಾರ ಕೈಯಾಗ ಅದ? ನಾಳೆ ಅದು ಇಲ್ಲದಂಗ ಆದರ ನಾವು ಯಾರನ್ನ ಕೇಳಬೇಕು?

ಯೂಟ್ಯೂಬ್, ಫೇಸ್‌ಬುಕ್, ಇನ್‌ಸ್ಟಾಗ್ರಾಮ್ ಇವಕ್ಕೆಲ್ಲ ಪೇಪರಿನವರು "ವೇದಿಕೆ" ಅಂತ ಬರೀತಾರ. ಸರಿಯಾದ ಮಾತು. ವೇದಿಕೆ ಒಬ್ಬರದು, ಮಾತು ಇನ್ನೊಬ್ಬರದು ಆದಾಗ ಏನಾಗುತ್ತದೆ ಎಂಬುದನ್ನು ನಮ್ಮ ಜನ ಇಂಟರ್ನೆಟ್ ಬರುವುದಕ್ಕಿಂತ ಬಹಳ ಮೊದಲೇ ಕಂಡಿದ್ದಾರೆ.

1936ರಲ್ಲಿ ಲಾಹೋರಿನ ಜಾತ್-ಪಾತ್ ತೋಡಕ್ ಮಂಡಳ ತನ್ನ ವಾರ್ಷಿಕ ಸಮ್ಮೇಳನಕ್ಕೆ ಬಾಬಾಸಾಹೇಬರನ್ನು ಅಧ್ಯಕ್ಷರಾಗಿ ಕರೆಯಿತು. ಅವರು ಭಾಷಣ ಬರೆದರು. ಲಾಹೋರಿನಲ್ಲೇ ಅಚ್ಚು ಮಾಡಿಸೋಣ ಅಂತ ಮಂಡಳದವರ ಮಾತಿತ್ತು. ಬಾಬಾಸಾಹೇಬರು ಮುಂಬೈಯಲ್ಲೇ ಅಚ್ಚು ಹಾಕಿಸಿದರು. ಭಾಷಣ ಓದಿದ ಮಂಡಳದವರು ಗಾಬರಿಯಾಗಿ, ಕೆಲವು ಭಾಗ ತೆಗೆಯಿರಿ ಅಂದರು. ಒಂದು ಅಲ್ಪವಿರಾಮವನ್ನೂ ಬದಲು ಮಾಡುವುದಿಲ್ಲ ಅಂತ ಬಾಬಾಸಾಹೇಬರು ತಿಳಿಸಿದರು. ಸಮ್ಮೇಳನವೇ ರದ್ದಾಯಿತು. ವೇದಿಕೆ ಹೋಯಿತು. ಮಾತು ಹೋಯಿತೇನು? ಇಲ್ಲ. ಅವರು ತಮ್ಮ ಸ್ವಂತ ಖರ್ಚಿನಲ್ಲಿ 1500 ಪ್ರತಿ ಹೊರತಂದರು. ಎರಡೇ ತಿಂಗಳಲ್ಲಿ ಅವು ಖಾಲಿಯಾದವು. ಅದೇ ನಾವೆಲ್ಲ ಓದುವ "ಜಾತಿ ವಿನಾಶ". ಮಾಡಲಾಗದೆ ಉಳಿದ ಆ ಭಾಷಣವನ್ನು ಇವತ್ತಿಗೂ ಜಗತ್ತು ಓದುತ್ತದೆ. ಯಾಕಂದ್ರ ಅಚ್ಚಾದ ಪ್ರತಿಗಳು ಮುಂಬೈಯಲ್ಲಿ, ಬರೆದವರ ಕೈಯಲ್ಲೇ ಇದ್ದವು.

ಇದಕ್ಕೂ 16 ವರ್ಷ ಮೊದಲು, 1920ರ ಜನವರಿ 31ರಂದು, "ಮೂಕನಾಯಕ" ಪತ್ರಿಕೆ ಶುರುವಾಯಿತು. ಆ ಕಾಲದ ದೊಡ್ಡ ಪತ್ರಿಕೆ "ಕೇಸರಿ" ಅದರ ಜಾಹೀರಾತನ್ನು ದುಡ್ಡು ಕೊಡುತ್ತೇವೆ ಅಂದರೂ ಹಾಕಲಿಲ್ಲ. ಕೊಲ್ಹಾಪುರದ ಶಾಹೂ ಮಹಾರಾಜರು 2500 ರೂಪಾಯಿ ಕೊಟ್ಟು ನೆರವಾದರು. ಮುಂದೆ 1927ರಲ್ಲಿ "ಬಹಿಷ್ಕೃತ ಭಾರತ", 1930ರಲ್ಲಿ "ಜನತಾ", 1956ರಲ್ಲಿ "ಪ್ರಬುದ್ಧ ಭಾರತ". ಒಂದು ನಿಂತರೆ ಇನ್ನೊಂದು. ಇನ್ನೊಬ್ಬರ ಪತ್ರಿಕೆಯಲ್ಲಿ ಜಾಗ ಕೇಳುತ್ತಾ ಕುಂತಿದ್ದರೆ ನಮ್ಮ ಸುದ್ದಿ ಅಲ್ಲೇ ಸತ್ತುಹೋಗುತ್ತಿತ್ತು.

ಈಗ ಇವತ್ತಿಗೆ ಬರೋಣ. ವೀಡಿಯೊ ಹೇಗೆ ಮಾಯವಾಗುತ್ತದೆ? ಮುಖ್ಯವಾಗಿ ನಾಲ್ಕು ದಾರಿ ಇವೆ.

ಮೊದಲನೆಯದು ಸರ್ಕಾರದ ಆದೇಶ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ಎ ಕಲಮಿನಡಿ, ದೇಶದ ಭದ್ರತೆ, ಸಾರ್ವಜನಿಕ ಸುವ್ಯವಸ್ಥೆ ಮೊದಲಾದ ಕಾರಣ ಕೊಟ್ಟು ಕೇಂದ್ರ ಸರ್ಕಾರ ಯಾವುದೇ ವೀಡಿಯೊ, ಚಾನೆಲ್, ಆ್ಯಪ್ ತಡೆಯಬಹುದು. ಇದಕ್ಕಾಗಿ 2009ರಲ್ಲಿ ಮಾಡಿದ ನಿಯಮಗಳಲ್ಲಿ 16ನೆಯ ನಿಯಮ ಎಲ್ಲವನ್ನೂ ಗುಪ್ತವಾಗಿಡಬೇಕು ಅನ್ನುತ್ತದೆ. ದೂರು ಕೊಟ್ಟವರು ಯಾರು, ಕಾರಣ ಏನು ಎಂಬುದು ವೀಡಿಯೊ ಮಾಡಿದವನಿಗೇ ಬಹಳ ಸಲ ಸಿಗುವುದಿಲ್ಲ. 2023ರ ಜನವರಿಯಲ್ಲಿ ಬಿಬಿಸಿಯ ಸಾಕ್ಷ್ಯಚಿತ್ರದ ತುಣುಕುಗಳನ್ನು 2021ರ ನಿಯಮಗಳ ತುರ್ತು ಅಧಿಕಾರ ಬಳಸಿ ಯೂಟ್ಯೂಬ್‌ನಿಂದ ತೆಗೆಸಲಾಯಿತು. ದಲಿತ-ಬಹುಜನರ ಸುದ್ದಿ ಕೊಡುವ "ನ್ಯಾಷನಲ್ ದಸ್ತಕ್" ಚಾನೆಲಿಗೆ 2024ರ ಏಪ್ರಿಲ್‌ನಲ್ಲಿ, ಲೋಕಸಭಾ ಚುನಾವಣೆ ಎದುರಿಗಿದ್ದಾಗ, ಅದನ್ನು ಬಂದ್ ಮಾಡಲು ಸಚಿವಾಲಯ ಹೇಳಿದೆ ಎಂಬ ನೋಟಿಸು ಯೂಟ್ಯೂಬ್‌ನಿಂದ ಬಂತು. 2025ರ ಏಪ್ರಿಲ್ ಕೊನೆಗೆ "4ಪಿಎಂ" ಎಂಬ ಸುದ್ದಿ ಚಾನೆಲ್ಲನ್ನು ಬಂದ್ ಮಾಡಲಾಯಿತು. ಸಂಪಾದಕರು ಸುಪ್ರೀಂ ಕೋರ್ಟಿಗೆ ಹೋದರು. ಮೇ ತಿಂಗಳಲ್ಲಿ ಆದೇಶ ಹಿಂದಕ್ಕೆ ಪಡೆಯಲಾಯಿತು. ಅವರಿಗೆ ದೆಹಲಿಯ ವಕೀಲರು ಇದ್ದರು. ನಮ್ಮ ತಾಲೂಕಿನ ಒಬ್ಬ ಹುಡುಗನ ಚಾನೆಲ್ ಬಂದ್ ಆದರ ಅವನು ಯಾವ ಕೋರ್ಟಿಗೆ ಹೋಗತಾನ?

ಇದರ ಜೊತೆಗೆ ಈಗ "ಸಹಯೋಗ" ಎಂಬ ಪೋರ್ಟಲ್ ಬಂದಿದೆ. ಅದರ ಮೂಲಕ ಅಧಿಕಾರಿಗಳು ನೇರವಾಗಿ ಕಂಪನಿಗಳಿಗೆ, ಇದನ್ನು ತೆಗೆಯಿರಿ ಅಂತ ತಿಳಿಸಬಹುದು. ಎಕ್ಸ್ ಕಂಪನಿ ಇದನ್ನು ಪ್ರಶ್ನೆ ಮಾಡಿ ಹಾಕಿದ್ದ ಅರ್ಜಿಯನ್ನು ಕರ್ನಾಟಕ ಹೈಕೋರ್ಟ್ 2025ರ ಸೆಪ್ಟೆಂಬರ್‌ನಲ್ಲಿ ವಜಾ ಮಾಡಿತು.

ಎರಡನೆಯದು ಕಾಪಿರೈಟ್. ಯೂಟ್ಯೂಬ್‌ನಲ್ಲಿ "ಕಂಟೆಂಟ್ ಐಡಿ" ಎಂಬ ಯಂತ್ರ ಇದೆ. ನೀವು ಏರಿಸಿದ ವೀಡಿಯೊದ ಧ್ವನಿಯನ್ನು ಅದು ಕಂಪನಿಗಳು ಕೊಟ್ಟಿರುವ ಹಾಡುಗಳ ಜೊತೆ ತಾಳೆ ನೋಡುತ್ತದೆ. ಮೆರವಣಿಗೆಯಲ್ಲಿ ಡಿಜೆ ಹಾಕಿದ ಹಾಡು ಹೊಂದಿಕೆಯಾದರೆ ವೀಡಿಯೊ ತಡೆಯಬಹುದು, ಇಲ್ಲವೆ ಅದರ ದುಡ್ಡೆಲ್ಲ ಹಾಡಿನ ಕಂಪನಿಗೆ ಹೋಗಬಹುದು. ಇದಲ್ಲದೆ ಹಕ್ಕುದಾರರು ಬರೆದು ದೂರು ಕೊಟ್ಟು ವೀಡಿಯೊ ತೆಗೆಸಿದರೆ ಅದು "ಸ್ಟ್ರೈಕ್". 90 ದಿನದೊಳಗೆ ಮೂರು ಸ್ಟ್ರೈಕ್ ಬಿದ್ದರೆ ಚಾನೆಲ್ಲೇ ಹೋಗುತ್ತದೆ. ಹೋಗುವುದು ಮೂರು ವೀಡಿಯೊ ಅಲ್ಲ, ಹತ್ತು ವರ್ಷದ ಎಲ್ಲಾ ವೀಡಿಯೊ.

ಮೂರನೆಯದು ಕಂಪನಿಯ ಸ್ವಂತ ನಿಯಮ. ರಕ್ತ ಕಂಡರೆ, ಹೊಡೆದಾಟ ಕಂಡರೆ, ಬೈಗುಳ ಕೇಳಿದರೆ ತೆಗೆಯುವ ಯಂತ್ರಗಳಿವೆ. ಹೊಡೆಯುವವನು ಹೆಮ್ಮೆಯಿಂದ ಹಾಕಿದ ವೀಡಿಯೊ ಯಾವುದು, ಹೊಡೆತ ತಿಂದವನು ನ್ಯಾಯಕ್ಕಾಗಿ ಹಾಕಿದ ವೀಡಿಯೊ ಯಾವುದು ಎಂಬ ಫರಕು ಯಂತ್ರಕ್ಕೆ ಸುಲಭವಾಗಿ ತಿಳಿಯುವುದಿಲ್ಲ. ಜಾತಿಯ ಹೆಸರು ಹಿಡಿದು ಬೈದದ್ದನ್ನು ನಾವು ಸಾಕ್ಷಿಯಾಗಿ ಹಾಕಿದರೆ, ಬೈಗುಳ ಹರಡಿದವರು ನಾವೇ ಅಂತ ಅದಕ್ಕೆ ಕಾಣಬಹುದು. ಮ್ಯಾಲೆ ನಮ್ಮ ಗಡಿ ಭಾಗದ ಮಾತು, ಅರ್ಧ ಕನ್ನಡ, ಅರ್ಧ ಮರಾಠಿ. ದೂರದಲ್ಲಿ ಕುಂತ ಪರಿಶೀಲಕನಿಗೆ ಅದು ತಿಳಿಯುವುದು ಇನ್ನೂ ಕಷ್ಟ.

ನಾಲ್ಕನೆಯದು ಬಾಗಿಲೇ ಮುಚ್ಚುವುದು. 2020ರ ಜೂನ್ 29ರಂದು ಸರ್ಕಾರ ಒಂದೇ ಆದೇಶದಲ್ಲಿ 59 ಚೀನಾ ಆ್ಯಪ್‌ಗಳನ್ನು ನಿಷೇಧಿಸಿತು. ಟಿಕ್‌ಟಾಕ್ ಅದರಲ್ಲಿತ್ತು. ನಿಷೇಧ ಸರಿಯೋ ತಪ್ಪೋ ಎಂಬ ವಾದ ಬೇರೆ. ಹೊಲದಲ್ಲಿ, ಗುಡಿಸಲ ಮುಂದೆ ಕುಣಿದು ಹಾಡಿ ಲಕ್ಷಗಟ್ಟಲೆ ಜನರನ್ನು ಗಳಿಸಿದ್ದ ಹಳ್ಳಿಯ ಹುಡುಗ-ಹುಡುಗಿಯರ ವೀಡಿಯೊ, ನೋಡುಗರು, ಹೆಸರು ಎಲ್ಲ ಒಮ್ಮೆಲೇ ಹೋದವು. ಫೋನಿನಿಂದ ಫೋನಿಗೆ ವೀಡಿಯೊ ಕಳಿಸುತ್ತಿದ್ದ ಶೇರ್‌ಇಟ್ ಕೂಡ ಅದೇ ಪಟ್ಟಿಯಲ್ಲಿತ್ತು. ಸರ್ಕಾರ ಮುಚ್ಚಬೇಕು ಅಂತಲೂ ಇಲ್ಲ. ಆರ್ಕುಟ್ಟನ್ನು ಗೂಗಲ್ ಕಂಪನಿ ತಾನೇ 2014ರಲ್ಲಿ ಮುಚ್ಚಿತು.

ಇಲ್ಲಿ ಕೆಲವರು ಕೇಳಬಹುದು: ಹೋದರ ಹೋಗಲಿ, ಹಾಡು-ಕುಣಿತದ ವೀಡಿಯೊ ತಾನೆ? ಅವರಿಗೆ ನಾನು ಊನಾ ನೆನಪು ಮಾಡತೀನಿ. 2016ರ ಜುಲೈ 11ರಂದು ಗುಜರಾತಿನ ಊನಾ ಹತ್ತಿರ, ಸತ್ತ ದನದ ಚರ್ಮ ಸುಲಿಯುತ್ತಿದ್ದ ನಮ್ಮ ಹುಡುಗರನ್ನು ಗಾಡಿಗೆ ಕಟ್ಟಿ ಬಡಿದರು. ಆ ವೀಡಿಯೊ ಮಾಡಿದವರು ಬಡಿದವರೇ. ಹೆದರಿಸಬೇಕು ಅಂತ ಹರಡಿದರು. ಆದರೆ ಅದನ್ನು ನೋಡಿದ ದೇಶ ಎದ್ದು ನಿಂತಿತು. ಸತ್ತ ದನ ಎತ್ತುವುದಿಲ್ಲ ಅಂತ ಗುಜರಾತಿನ ದಲಿತರು ಹಟ ಹಿಡಿದರು. ಆ ವೀಡಿಯೊ ಮೊದಲ ದಿನವೇ ಅಳಿಸಿಹೋಗಿದ್ದರೆ ಅದು ಪೇಪರಿನ ಒಳಪುಟದ ನಾಲ್ಕು ಸಾಲಿನ ಸುದ್ದಿಯಾಗಿ ಉಳಿಯುತ್ತಿತ್ತು.

ಹೊರದೇಶದ ಒಂದು ಉದಾಹರಣೆಯನ್ನೂ ಹೇಳಬೇಕು. ಸಿರಿಯಾ ದೇಶದ ಯುದ್ಧದಲ್ಲಿ ಬಾಂಬು ಬಿದ್ದದ್ದು, ಮಕ್ಕಳು ಸತ್ತದ್ದು ಎಲ್ಲವನ್ನೂ ಜನ ಯೂಟ್ಯೂಬ್‌ಗೆ ಏರಿಸಿದ್ದರು. 2017ರಲ್ಲಿ ಯೂಟ್ಯೂಬ್ ಹಿಂಸೆ ಹುಡುಕುವ ಹೊಸ ಯಂತ್ರ ತಂದಾಗ ಅಂಥ ವೀಡಿಯೊಗಳು ರಾಶಿಗಟ್ಟಲೆ ಅಳಿಸಿಹೋದವು. "ಸಿರಿಯನ್ ಆರ್ಕೈವ್" ಎಂಬ ಗುಂಪು ಮೊದಲೇ ಪ್ರತಿ ಮಾಡಿ ಇಟ್ಟಿದ್ದರಿಂದ ಎಷ್ಟೋ ಸಾಕ್ಷಿ ಉಳಿಯಿತು. ಅವರಿಂದ ನಾವು ಕಲಿಯಬೇಕಾದದ್ದು ಒಂದೇ. ಪ್ರತಿ ನಮ್ಮ ಹತ್ತಿರ ಇರಬೇಕು.

ಹಾಗಾದರೆ ದಾರಿ ಏನು? ಒಂದೇ ಕಂಪನಿಯ ಕೈಯಲ್ಲಿ ಎಲ್ಲ ಇರದಂತೆ ಹಂಚಿ ಇಡುವುದು. ಇದಕ್ಕೆ ವಿಕೇಂದ್ರೀಕರಣ ಅಂತಾರೆ. ಒಂದು ದೊಡ್ಡ ಕೆರೆಯ ಬದಲು ಊರೂರಿಗೆ ಬಾವಿ ಇದ್ದಂಗ. ಚವದಾರ ಕೆರೆಯ ಇತಿಹಾಸ ಗೊತ್ತಿರುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೆರೆಯ ಮೇಲಿನ ಹಕ್ಕನ್ನು ಬಿಡಬಾರದು. ಹಂಗಂತ ಸ್ವಂತ ಬಾವಿ ತೋಡುವುದನ್ನೂ ನಿಲ್ಲಿಸಬಾರದು.

"ಪೀರ್‌ಟ್ಯೂಬ್" ಎಂಬ ಒಂದು ಸಾಧನ ಇದೆ. ಫ್ರಾನ್ಸಿನ "ಫ್ರಾಮಾಸಾಫ್ಟ್" ಎಂಬ ಸಂಸ್ಥೆ ಜನರ ದೇಣಿಗೆಯಿಂದ ಇದನ್ನು ನಡೆಸುತ್ತದೆ. 2018ರ ಅಕ್ಟೋಬರ್‌ನಲ್ಲಿ ಅದರ ಮೊದಲ ಪೂರ್ಣ ಆವೃತ್ತಿ ಬಂತು. ಯಾರು ಬೇಕಾದರೂ ಪುಕ್ಕಟೆ ಇಳಿಸಿಕೊಂಡು ತಮ್ಮ ಸರ್ವರಿನಲ್ಲಿ ಹಾಕಿಕೊಳ್ಳಬಹುದು. ಸರ್ವರ್ ಅಂದರೆ ಸದಾ ಇಂಟರ್ನೆಟ್ಟಿಗೆ ಜೋಡಿಸಿದ ಒಂದು ಕಂಪ್ಯೂಟರ್, ಅಷ್ಟೆ. ಪ್ರತಿ ಸರ್ವರಿನ ನಿಯಮವನ್ನು ಅದನ್ನು ನಡೆಸುವವರೇ ಮಾಡುತ್ತಾರೆ. ಹಾಗಂತ ಅವು ಒಂದಕ್ಕೊಂದು ಸಂಬಂಧವಿಲ್ಲದ ದ್ವೀಪಗಳಲ್ಲ. ಒಂದು ಸರ್ವರ್ ಇನ್ನೊಂದನ್ನು ಸೇರಿಸಿಕೊಂಡರೆ ಅಲ್ಲಿನ ವೀಡಿಯೊ ಇಲ್ಲಿಯೂ ಕಾಣುತ್ತದೆ. ಬೇಕಿದ್ದರೆ ಒಬ್ಬರ ವೀಡಿಯೊದ ಪ್ರತಿಯನ್ನು ಇನ್ನೊಬ್ಬರು ಇಟ್ಟುಕೊಳ್ಳಬಹುದು. ಬಹಳ ಜನ ಒಮ್ಮೆಗೇ ನೋಡುವಾಗ, ನೋಡುವವರ ಯಂತ್ರಗಳೇ ವೀಡಿಯೊದ ತುಣುಕುಗಳನ್ನು ಪರಸ್ಪರ ಹಂಚಿಕೊಳ್ಳುವ ಏರ್ಪಾಡೂ ಇದೆ. ಜಾಹೀರಾತು ಇಲ್ಲ.

ಇಷ್ಟು ಹೇಳಿ ನಾನು ಕುಂತರೆ ಅರ್ಧ ಸತ್ಯ ಹೇಳಿದಂಗ ಆಗುತ್ತದೆ. ಇದರ ತೊಂದರೆಗಳನ್ನೂ ಕೇಳ್ರಿ.

ಒಂದು, ದ್ವೇಷ. "ಸೆನ್ಸಾರ್ ಬೇಡ" ಅಂತ ಬಹಳ ಜೋರಾಗಿ ಕೂಗುವವರಲ್ಲಿ, ಬೇರೆಯವರನ್ನು ಬೈಯಲು ಬಿಡ್ರಿ ಅನ್ನುವವರೂ ಇದ್ದಾರೆ. ನಿಯಮವೇ ಇಲ್ಲದ ಕಡೆ ಮೊದಲು ಏಟು ತಿನ್ನುವವರು ನಾವು, ನಮ್ಮ ಹೆಣ್ಣುಮಕ್ಕಳು. ಯೂಟ್ಯೂಬ್ 2019ರಲ್ಲಿ ದ್ವೇಷದ ಮಾತಿನ ನಿಯಮ ಬಿಗಿ ಮಾಡಿದಾಗ ಅದರಲ್ಲಿ ಜಾತಿಯ ಹೆಸರನ್ನೂ ಹಾಕಿತು. ಅದು ಒಳ್ಳೆಯದೇ, ಅದನ್ನು ನಾವು ಬಳಸಬೇಕು. ಹಾಗಾಗಿ ನಾನು ಕೇಳುತ್ತಿರುವುದು ನಿಯಮ ಇಲ್ಲದ ಜಾಗವನ್ನಲ್ಲ. ನಿಯಮ ಮಾಡುವವರು ನಮಗೆ ಗೊತ್ತಿರಬೇಕು, ನಮ್ಮ ಭಾಷೆ ಅವರಿಗೆ ತಿಳಿದಿರಬೇಕು, ಕಾರಣ ಕೇಳಿದರೆ ಬಾಯಿ ಬಿಟ್ಟು ಹೇಳಬೇಕು. ಇಷ್ಟೇ. ಹಂಚಿಹೋದ ವ್ಯವಸ್ಥೆಯಲ್ಲಿಯೂ ದ್ವೇಷವನ್ನು ಹೊರಗಿಡಬಹುದು. 2019ರಲ್ಲಿ ಜನಾಂಗ ದ್ವೇಷಕ್ಕೆ ಹೆಸರಾದ "ಗ್ಯಾಬ್" ಎಂಬ ಅಮೆರಿಕದ ತಾಣ ಇದೇ ಬಗೆಯ "ಮ್ಯಾಸ್ಟಡಾನ್" ತಂತ್ರಾಂಶಕ್ಕೆ ಬಂದಾಗ, ಉಳಿದ ಬಹುತೇಕ ಸರ್ವರುಗಳು ಅದರ ಜೊತೆ ಸಂಬಂಧ ಕಡಿದುಕೊಂಡವು.

ಎರಡು, ಕಾನೂನು. ಸ್ವಂತ ಸರ್ವರ್ ಇಟ್ಟರೆ ಕಾಯ್ದೆ ನಮಗೆ ತಾಗುವುದಿಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡ್ರಿ. ಸರ್ವರ್ ನಡೆಸುವವನಿಗೂ ಈ ದೇಶದ ಕಾನೂನು ಇದೆ. ವಿಳಾಸವನ್ನೇ ತಡೆಯಲೂ ಬರುತ್ತದೆ. ಜಗತ್ತಿನ ದೊಡ್ಡ ಪುಕ್ಕಟೆ ಗ್ರಂಥಾಲಯವಾದ "ಇಂಟರ್ನೆಟ್ ಆರ್ಕೈವ್" 2017ರ ಆಗಸ್ಟಿನಲ್ಲಿ ಭಾರತದಲ್ಲಿ ಕೆಲ ದಿನ ಬಂದ್ ಆಗಿತ್ತು. ಸಿನೆಮಾ ಕಳವಿನ ಬಗ್ಗೆ ಮದ್ರಾಸ್ ಹೈಕೋರ್ಟ್ ಕೊಟ್ಟ ಆದೇಶದೊಳಗ ಅದರ ವಿಳಾಸವೂ ಸೇರಿಕೊಂಡಿತ್ತು. ಇಂಟರ್ನೆಟ್ಟನ್ನೇ ನಿಲ್ಲಿಸುವುದೂ ಉಂಟು. 2018ರ ಏಪ್ರಿಲ್ 2ರಂದು ಅಟ್ರಾಸಿಟಿ ಕಾಯ್ದೆ ಉಳಿಸಲು ನಡೆದ ಭಾರತ ಬಂದ್ ದಿನ ಪಂಜಾಬ್ ಮೊದಲಾದ ಕಡೆ ಮೊಬೈಲ್ ಇಂಟರ್ನೆಟ್ ನಿಂತಿತ್ತು. ಅಂಥ ದಿನ ಕೆಲಸಕ್ಕೆ ಬರುವುದು ಜೇಬಿನಲ್ಲಿರುವ ಮೆಮರಿ ಕಾರ್ಡು, ಪೆನ್ ಡ್ರೈವು ಮಾತ್ರ.

ಮೂರು, ದುಡ್ಡು ಮತ್ತು ದುಡಿಮೆ. ಸರ್ವರಿಗೆ ತಿಂಗಳ ಬಾಡಿಗೆ ಇದೆ, ಅದನ್ನು ನೋಡಿಕೊಳ್ಳುವ ಮನುಷ್ಯ ಬೇಕು. ಯುರೋಪಿನ ಒಕ್ಕೂಟ 2022ರಲ್ಲಿ ತನ್ನ ಕಚೇರಿಗಳಿಗಾಗಿ ಪೀರ್‌ಟ್ಯೂಬ್ ಮೇಲೆ ವೀಡಿಯೊ ತಾಣ ಮಾಡಿತ್ತು. 2024ರ ಮೇ ತಿಂಗಳಲ್ಲಿ ಅದು ನಿಂತಿತು, ಮುಂದೆ ನಡೆಸುವ ಹೊಣೆ ಹೊರಲು ಒಂದು ಕಚೇರಿ ಸಿಗಲಿಲ್ಲ. ಅಷ್ಟು ದುಡ್ಡಿದ್ದವರ ಕಥೆಯೇ ಹಿಂಗ. ಇನ್ನು ನಾಣ್ಯ, ಟೋಕನ್ ಗಳಿಸ್ರಿ ಅಂತ ಆಸೆ ತೋರಿಸುವ ವೀಡಿಯೊ ಆ್ಯಪ್‌ಗಳಿಂದ ದೂರ ಇರ್ರಿ. ಅಂಥ ಹೆಸರು ಮಾಡಿದ್ದ "ಎಲ್‌ಬಿಆರ್‌ವೈ" ಕಂಪನಿ ಅಮೆರಿಕದ ಕೋರ್ಟಿನಲ್ಲಿ 2022ರಲ್ಲಿ ಸೋತು, ಮರುವರ್ಷ ಬಾಗಿಲು ಹಾಕಿತು.

ನಾಲ್ಕು, ನೋಡುಗರು. ಜನ ಇರುವುದು ಯೂಟ್ಯೂಬ್‌ನಲ್ಲೇ. ಅದನ್ನು ಬಿಟ್ಟು ಬರ್ರಿ ಅಂತ ನಾನು ಹೇಳುವುದಿಲ್ಲ. ಸಂತೆಗೆ ಹೋಗಲೇಬೇಕು. ಆದರೆ ಬಿತ್ತುವ ಬೀಜವನ್ನೂ ಸಂತೆಯಲ್ಲೇ ಇಟ್ಟು ಬರುವ ಒಕ್ಕಲಿಗನನ್ನು ಯಾರೂ ಕಂಡಿಲ್ಲ.

ಹಾಗಾದರೆ ನಮ್ಮಂಥ ಸಣ್ಣ ಮಂಡಳ ಏನು ಮಾಡಬಹುದು? ನಾಳೆಯಿಂದಲೇ ಶುರು ಮಾಡಬಹುದಾದ ಕೆಲಸ ಹೇಳತೀನಿ.

ಮೊದಲು, ಪ್ರತಿ ವೀಡಿಯೊದ ಮೂಲ ಫೈಲು ಮೂರು ಕಡೆ ಇರಲಿ. ಒಂದು ಮಂಡಳದ ಹಾರ್ಡ್ ಡಿಸ್ಕಿನಲ್ಲಿ, ಒಂದು ಬೇರೆ ಊರಿನ ಗೆಳೆಯರ ಮನೆಯಲ್ಲಿ, ಒಂದು ಇಂಟರ್ನೆಟ್ಟಿನಲ್ಲಿ. 1 ಟಿಬಿಯ ಒಂದು ಡಿಸ್ಕಿನಲ್ಲಿ ಬಹಳಷ್ಟು ವೀಡಿಯೊ ಹಿಡಿಯುತ್ತದೆ. ಜಯಂತಿಯ ಪಟ್ಟಿ ಎತ್ತುವಾಗ ಡಿಜೆ ಖರ್ಚಿನಲ್ಲಿ ಸ್ವಲ್ಪ ಕಡಿಮೆ ಮಾಡಿದರೆ ಈ ಡಿಸ್ಕು ಬರುತ್ತದೆ. ವಾಟ್ಸ್ಆ್ಯಪ್‌ನಲ್ಲಿ ವೀಡಿಯೊ ಅಂತ ಕಳಿಸಿದರೆ ಅದು ಕುಗ್ಗುತ್ತದೆ. ಡಾಕ್ಯುಮೆಂಟ್ ಅಂತ ಕಳಿಸಿದರೆ ಮೂಲದಂತೆ ಉಳಿಯುತ್ತದೆ.

ಎರಡನೆಯದು, ಅತ್ಯಾಚಾರ-ದೌರ್ಜನ್ಯದ ವೀಡಿಯೊ. ಇದನ್ನು ಜಗತ್ತಿಗೆ ತೋರಿಸುವ ಮೊದಲು ಕಾಪಾಡಿ ಇಡ್ರಿ. ಕತ್ತರಿಸಬೇಡ್ರಿ, ಹಾಡು ಸೇರಿಸಬೇಡ್ರಿ. ಮಾಡಿದ ಫೋನನ್ನೂ ಕಳೆದುಕೊಳ್ಳಬೇಡ್ರಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನಂತೆ ವೀಡಿಯೊವನ್ನು ಕೋರ್ಟಿಗೆ ಕೊಡುವಾಗ ಪ್ರಮಾಣಪತ್ರ ಬೇಕು, ಅದರಲ್ಲಿ ಫೈಲಿನ "ಹ್ಯಾಶ್" ಬರೆಯಬೇಕು. ಹ್ಯಾಶ್ ಅಂದರೆ ಫೈಲಿನ ಹೆಬ್ಬೆಟ್ಟು ಇದ್ದಂಗ. ಫೈಲು ಒಂದು ಕೂದಲಷ್ಟು ಬದಲಾದರೂ ಅದು ಬದಲಾಗುತ್ತದೆ. ವಕೀಲರ ಹತ್ತಿರ ಕೇಳಿ ಮೊದಲ ದಿನವೇ ತೆಗೆದಿಡ್ರಿ. ಹೆಣ್ಣುಮಕ್ಕಳ ಮೇಲಿನ ಲೈಂಗಿಕ ಅಪರಾಧ ಇದ್ದರೆ ಅವರ ಹೆಸರು, ಮುಖ ಹೊರಗೆ ಹಾಕುವುದೇ ಅಪರಾಧ. ಅದು ಪೊಲೀಸರಿಗೆ, ಕೋರ್ಟಿಗೆ ಮಾತ್ರ. ಇದನ್ನು ತಮ್ಮಂದಿರು ಎದೆಯಲ್ಲಿ ಇಟ್ಟುಕೊಳ್ಳಬೇಕು.

ಮೂರನೆಯದು, ಯೂಟ್ಯೂಬ್‌ಗೆ ಹಾಕುವಾಗ ಎಲ್ಲಿ, ಯಾವಾಗ, ಯಾಕೆ ಅಂತ ವಿವರ ಬರೆಯಿರಿ. ಸಾಕ್ಷ್ಯಕ್ಕಾಗಿ, ತಿಳುವಳಿಕೆಗಾಗಿ ಹಾಕಿದ್ದು ಅಂತ ಸ್ಪಷ್ಟವಿದ್ದರೆ ಅವರ ನಿಯಮದಲ್ಲಿಯೇ ಅದಕ್ಕೆ ವಿನಾಯಿತಿ ಇದೆ. ತೆಗೆದರೆ ಸುಮ್ಮನೆ ಕುಂದರಬೇಡ್ರಿ, ಮೇಲ್ಮನವಿ ಹಾಕ್ರಿ. ಭೀಮಗೀತೆಯನ್ನು ನಮ್ಮ ಹುಡುಗರೇ ಬರೆದು, ನಮ್ಮ ಹಲಗಿ-ಢೋಲಕಿ ಮೇಲೆಯೇ ಹಾಡಲಿ. ಆಗ ಕಾಪಿರೈಟಿನ ಗೋಳೇ ಬಹುಮಟ್ಟಿಗೆ ಇಲ್ಲ.

ನಾಲ್ಕನೆಯದು, ಸೋಲಾಪುರ, ಅಕ್ಕಲಕೋಟ, ಜತ್ತ ಈ ಭಾಗದ ಮಂಡಳಗಳು ಕೂಡಿ ಒಂದು ಪೀರ್‌ಟ್ಯೂಬ್ ಸರ್ವರ್ ಇಡಬಹುದು. ಒಬ್ಬೊಬ್ಬರಿಗೇ ಭಾರ, ಹತ್ತು ಮಂಡಳ ಕೂಡಿದರೆ ಹಗುರ. ಇಬ್ಬರು ಕಲಿತ ಹುಡುಗಿಯರು, ಇಬ್ಬರು ಹುಡುಗರು ಅದನ್ನು ನೋಡಿಕೊಳ್ಳಲಿ. ನಿಯಮವನ್ನು ಸಭೆಯಲ್ಲಿ ಕುಂತು ಬರೆದು, ಎಲ್ಲರಿಗೂ ಕಾಣುವಂತೆ ಹಾಕಲಿ.

ಅದರಲ್ಲಿ ಮೊದಲು ಏನು ಹಾಕಬೇಕು? ನಮ್ಮ ಮುದುಕ-ಮುದುಕಿಯರ ಮಾತು. 1972ರ ದುಷ್ಕಾಳದಾಗ ಕಾಮಗಾರಿಗೆ ಹೋಗಿ ಖಡಿ ಒಡೆದವರು, ಮರಾಠವಾಡಾ ವಿದ್ಯಾಪೀಠದ ನಾಮಾಂತರಕ್ಕಾಗಿ ಬೀದಿಗೆ ಇಳಿದವರು ಇನ್ನೂ ಕೆಲವರು ನಮ್ಮ ನಡುವೆ ಇದ್ದಾರೆ. ಅವರ ಕನ್ನಡ ಬೆಂಗಳೂರಿನ ಪುಸ್ತಕದಲ್ಲಿಲ್ಲ, ಅವರ ಕಥೆ ಪುಣೆಯ ಪುಸ್ತಕದಲ್ಲಿಲ್ಲ. ಅವರು ಹೋದರೆ ಯಾವ ಮೇಲ್ಮನವಿ ಹಾಕಿದರೂ ತಿರುಗಿ ಬರುವುದಿಲ್ಲ.

ನಮ್ಮ ಸೋಲಾಪುರಕ್ಕೆ ಇಂಥ ಕೆಲಸ ಹೊಸದಲ್ಲ. ಬಾಬಾಸಾಹೇಬರು ಕಟ್ಟಿದ ಬಹಿಷ್ಕೃತ ಹಿತಕಾರಿಣಿ ಸಭೆ 1925ರ ಜನವರಿಯಲ್ಲಿ ಇದೇ ಸೋಲಾಪುರದಲ್ಲಿ ವಿದ್ಯಾರ್ಥಿ ನಿಲಯ ತೆರೆಯಿತು. ಆ ಕಾಲದಲ್ಲೇ ವಿದ್ಯಾರ್ಥಿಗಳು "ಸರಸ್ವತಿ ವಿಲಾಸ" ಎಂಬ ಮಾಸಿಕವನ್ನೂ ನಡೆಸಿದರು. ಊಟಕ್ಕೆ ಕಷ್ಟ ಇದ್ದ ಕಾಲದಲ್ಲಿ ಆ ಹುಡುಗರಿಗೆ ಸ್ವಂತ ಪತ್ರಿಕೆ ಬೇಕು ಅನಿಸಿತ್ತು. ಇವತ್ತು ನಮ್ಮ ಎಲ್ಲರ ಕೈಯಾಗ ಕ್ಯಾಮೆರಾ ಅದ.

ಮಂಡಳದ ಪದಾಧಿಕಾರಿಗಳಲ್ಲಿ ನನ್ನ ವಿನಂತಿ ಇಷ್ಟೇ. ಮುಂದಿನ ಸಭೆಯ ವಿಷಯಪಟ್ಟಿಯಲ್ಲಿ ಹಾರ್ಡ್ ಡಿಸ್ಕಿನ ಖರೀದಿ ಒಂದು ವಿಷಯವಾಗಿ ಬರಲಿ, ಅದನ್ನು ಕಾಯುವವರ ಹೆಸರು ಠರಾವಿನಲ್ಲಿ ಬರೆಯಲಿ. ಸರ್ವರಿನ ಮಾತು ಮುಂದಿನ ವರ್ಷದ್ದು. ಡಿಸ್ಕಿನ ಮಾತು ಈ ತಿಂಗಳದ್ದು.